ಇಲ್ಲದ ಗಂಟೆಯ ಮುಹೂರ್ತ

ಮಾರ್ಚ್ ತಿಂಗಳ ಕೊನೆಯ ಭಾನುವಾರ ನಸುಕಿನ ನಾಲ್ಕಕ್ಕೆ ರಾಜ್ಯದ ಗಡಿಯಾರಗಳೆಲ್ಲ ನೇರ ಐದಕ್ಕೆ ಹಾರುತ್ತವೆ. ನಡುವಿನ ಗಂಟೆ ಇಲ್ಲ. ಆ ಗಂಟೆಯಲ್ಲಿ ದಾಖಲಾದ ಹುಟ್ಟು, ಸಾವು ಯಾವುದನ್ನೂ ನಮ್ಮ ನೋಂದಣಿ ಕಚೇರಿಯ ಕಂಪ್ಯೂಟರ್ ಒಪ್ಪುವುದಿಲ್ಲ. ಜನಕ್ಕೆ ಅದು ರೂಢಿಯಾಗಿದೆ. ಪಂಚಾಂಗ ಮಾತ್ರ ಹಾರುವುದಿಲ್ಲ. ಕಳೆದ ವರ್ಷ ಅದೇ ಭಾನುವಾರ ನಡೆದ ಇಂದುಮತಿಯ ಮದುವೆಯಲ್ಲಿ ಪುರೋಹಿತರು ಹಳೆಯ ಲೆಕ್ಕದಲ್ಲೇ ನಾಲ್ಕೂವರೆಗೆ ತಾಳಿ ಕಟ್ಟಿಸಿದ್ದರು. ಸಮಯ ತಿದ್ದದ ಛತ್ರದ ಕ್ಯಾಮೆರಾವೂ ನಾಲ್ಕೂವರೆ ಎಂದೇ ದಾಖಲಿಸಿತ್ತು.

ಈಗ ತುಂಬು ಗರ್ಭಿಣಿಯಾದ ಇಂದುಮತಿ ನನ್ನ ಮೇಜಿನೆದುರು ನಿಂತಿದ್ದಳು. ಮದುವೆ ದಾಖಲಾಗದಿದ್ದರೆ ಹುಟ್ಟುವ ಮಗುವಿಗೆ ಅಪ್ಪನ ಹೆಸರು ಸಿಗುವುದಿಲ್ಲ. ತಪ್ಪು ನನ್ನದೇ ಇರಬಹುದೆಂದು ಇನ್ನೊಮ್ಮೆ ಗುಂಡಿ ಒತ್ತಿದೆ. ಪರದೆ ಮತ್ತೆ ಕೆಂಪಾಯಿತು.

"ನಾನ್ ಹೇಳ್ಲಿಲ್ವಾ ಸಾರ್," ಎಂದ ಅವಳ ಗಂಡ ಯೋಗಾನಂದ. "ಆಗದೇ ಇರೋ ಮದುವೇನ ಎಷ್ಟು ಸಲ ಒತ್ತಿದ್ರೂ ಅಷ್ಟೆ."

"ನಿಮ್ಮ ಕಡೆಯೋರೇ ನೂರಾರು ಜನ ತಿಂಡಿಗೆ ಕೂತಿದ್ರಲ್ಲ," ಎಂದಳು ಇಂದುಮತಿ. "ಅದೂ ಆಗಿಲ್ವೇನ್ರೀ?"

"ತಿಂಡಿ ಎಂಟಕ್ಕಲ್ವಾ. ಅದು ಆಗಿದೆ."

ನಿಯಮದಲ್ಲಿ ಒಂದು ದಾರಿಯಿತ್ತು. ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ ಎಂದು ಅಳುಕುತ್ತಲೇ ಹೇಳಿದೆ: "ಇಲ್ಲೇ ಇನ್ನೊಂದು ಸಲ ಕಟ್ಬಿಡಿ. ಈಗಿನ ಟೈಮ್ ಹಾಕ್ತೀನಿ. ಒಂದು ನಿಮಿಷದ ಕೆಲಸ."

ಇಂದುಮತಿ ಸ್ವಲ್ಪ ಹಿಂಜರಿದು, ತಾಳಿಯನ್ನು ಕಣ್ಣಿಗೊತ್ತಿಕೊಂಡು ಕತ್ತಿನಿಂದ ತೆಗೆದಳು. ಅದನ್ನು ಅವನತ್ತ ಚಾಚಿದಳು.

ಯೋಗಾನಂದ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗಿಳಿಸಿದ.

"ಈಗ ರಾಹುಕಾಲ ಸಾರ್," ಎಂದ.