ವಾ ಪೆಡಲಿನ ಮೇಲಿನ ಬಲಗಾಲು

"ಎಂತ ಮಾರಾಯ, ಪೆಡಲ್ ಈಗಲೂ ಜಾಮ್ ಉಂಟಲ್ಲ!" ಬಾಸ್ ಗಿಟಾರಿನ ತಂತಿ ಮೀಟುತ್ತ ಚಿತ್ತರಂಜನ ರೇಗಿದ. ಸ್ವರ ಮಂಕಾಗಿಯೇ ಇತ್ತು.

ವಾಮಂಜೂರಿನ ರಿಪೇರಿ ಅಂಗಡಿಯ ರೂಪೇಶ್ ಕಾಲಲ್ಲಿ ತುಳಿದಂತೆ ಗಿಟಾರಿನ ನಾದ ಬದಲಿಸುವ ಆ ವಾ ಪೆಡಲನ್ನು ಬಿಚ್ಚಿದ್ದು ಇದು ಮೂರನೆಯ ಸಲ. ಬಾಸಿನ ದಪ್ಪ ಸ್ವರ ತೆಳುವಾಗದಂತೆ ಕೆಪಾಸಿಟರ್ ಬದಲಿಸಿದ್ದ. ತುಳಿಯಲು ಹಗುರವಾಗಲೆಂದು ತಿರುಪು ಸಡಿಲಿಸಿದ್ದ. "ಇನ್ನೊಮ್ಮೆ ತುಳಿಯಿರಿ ಅಣ್ಣ" ಎಂದು ಬಗ್ಗಿ ನೋಡಿದವನು ಹಾಗೆಯೇ ನಿಂತುಬಿಟ್ಟ.

"ತುಳೀತಾ ಇದ್ದೇನಲ್ಲ!"

"ಇಲ್ಲ ಅಣ್ಣ." ರೂಪೇಶನ ದನಿ ತಗ್ಗಿತು. "ನಿಮ್ಮ ಕಾಲು ಅಲ್ಲಾಡುವುದೇ ಇಲ್ಲ."

ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ತಿನ್ನುತ್ತಿದೆಯೆಂದು ಡಾಕ್ಟರರು ಹೇಳಿದ್ದನ್ನು ಚಿತ್ತರಂಜನ ನಕ್ಕು ತಳ್ಳಿಹಾಕಿದ್ದ. ಮೂವತ್ತು ವರ್ಷ ಬ್ಯಾಂಡಿನಲ್ಲಿ ತಾಳ ಹಿಡಿದ ಕಾಲು ಅದು. ಅವನು ಮೆಲ್ಲನೆ ನೆಲಕ್ಕೆ ಕುಳಿತು, ಒಂದು ಕೈಯಿಂದ ತಂತಿ ಮೀಟಿ, ಇನ್ನೊಂದು ಕೈಯಿಂದ ಪೆಡಲ್ ಒತ್ತಿದ. ದಪ್ಪ ಸ್ವರ ಅಂಗಡಿ ತುಂಬ ಮೊಳಗಿತು.