ಪಾಸಾದ ಹುಡುಗಿ

“ಎಸ್ರೇಳು, ಮೇಡಂ ಕೇಳ್ತಾವ್ರಲ್ಲ,” ಎಂದು ಸುನಿತಾ ಮಗಳ ತೋಳು ಚಿವುಟಿದಳು.

“ನಾಗಶ್ರೀ. ಆರನೇ ಕ್ಲಾಸು.” ಹುಡುಗಿ ಗಿಣಿಪಾಠ ಒಪ್ಪಿಸಿದಳು.

ಮದ್ದೂರಿನ ಆ ಶಿಬಿರದಲ್ಲಿ ಮಕ್ಕಳ ಕಲಿಕೆಯ ತೊಂದರೆಯನ್ನು ಪರೀಕ್ಷಿಸುತ್ತಿದ್ದವಳು ಅರುಂಧತಿ. ಶಾಲೆಯಿಂದ ಬಂದಿದ್ದ ದೂರು ಸ್ಪಷ್ಟವಾಗಿತ್ತು: ಓದಲು ಬರುವುದಿಲ್ಲ, ಅಕ್ಷರಗಳು ತಿರುವುಮುರುವು, ಗದರಿದರೆ ಅಳು. ಇದು ದಡ್ಡತನವೋ ಸೋಮಾರಿತನವೋ ಬರೆಸಿಕೊಂಡು ಬನ್ನಿ ಎಂದು ಮೇಷ್ಟ್ರು ಅಪ್ಪಣೆ ಮಾಡಿದ್ದರು.

ಸುನಿತಾಳಿಗೆ ಅಂದಿನಿಂದ ನಿದ್ದೆಯಿಲ್ಲ. ಅವಳ ಊರಾದ ಚಿಕ್ಕರಸಿನಕೆರೆಯಲ್ಲಿ ‘ಮಂದಬುದ್ಧಿ’ ಎಂದು ಒಮ್ಮೆ ಹೆಸರು ಬಿದ್ದರೆ ಸಾಯುವವರೆಗೂ ಹೋಗದು. ಅಂಥವಳನ್ನು ಶಾಲೆಯವರು ಇಟ್ಟುಕೊಳ್ಳುತ್ತಾರೆಯೇ? ನಾಳೆ ಗಂಡಿನ ಕಡೆಯವರಾದರೂ ಒಪ್ಪುತ್ತಾರೆಯೇ?

ಹುಡುಗಿ ದೊಗಲೆ ಯೂನಿಫಾರ್ಮಿನ ತೋಳು ಮಡಚಿಕೊಂಡು ಪುಟ ತಿರುವಿದಳು. ಅರಳು ಹುರಿದಂತೆ ಓದಿದಳು. ಹೇಳಿ ಬರೆಸಿದರೆ ಒಂದು ಒತ್ತಕ್ಷರವೂ ತಪ್ಪಲಿಲ್ಲ. ಲೆಕ್ಕ ಕೊಡುವುದೇ ತಡ, ಉತ್ತರ ಸಿದ್ಧ. “ನಾಗಶ್ರೀ” ಎಂದು ಕರೆದಾಗ ಮಾತ್ರ ಎರಡನೇ ಸಲಕ್ಕೆ ತಲೆಯೆತ್ತುತ್ತಿದ್ದಳು.

“ಇವಳಿಗೆ ಯಾವ ತೊಂದರೆಯೂ ಇಲ್ಲಮ್ಮ,” ಎಂದಳು ಅರುಂಧತಿ.

ಸುನಿತಾ ಕೈ ಮುಗಿದಳು. ಅವಳ ಕಣ್ಣಲ್ಲಿ ನೀರಾಡಿತು.

“ತೊಂದರೆ ಇದ್ದಿದ್ದರೂ ಹೆದರಬೇಕಾಗಿರಲಿಲ್ಲ. ಅದು ಬುದ್ಧಿ ಕಮ್ಮಿ ಅಂತಲ್ಲ. ಬೇರೆ ರೀತೀಲಿ ಓದು ಕಲಿಸ್ತಿದ್ವಿ, ಪರೀಕ್ಷೇಲಿ ಹೆಚ್ಚು ಟೈಮ್ ಕೊಡಿಸ್ತಿದ್ವಿ. ಇವಳದ್ದು ಬರೀ ಸೋಮಾರಿತನ. ಹಾಗೇ ಬರೆದಿದ್ದೀನಿ. ಮೇಷ್ಟ್ರು ಇನ್ನು ಸ್ವಲ್ಪ ಬಿಗಿ ಮಾಡಲಿ.”

ಸುನಿತಾಳ ಮುಖ ಕಪ್ಪಿಟ್ಟಿತು. ಮೇಷ್ಟ್ರ ಬಿಗಿ ಎಂಥದ್ದೆಂದು ಅವಳಿಗೆ ಗೊತ್ತು. ಮಗಳ ಅಂಗೈಯ ಬಾಸುಂಡೆಗೆ ಎಣ್ಣೆ ಹಚ್ಚಿದವಳೇ ಅವಳು.

“ಇನ್ನೊಂದ್ಸಲ ಟೆಸ್ಟ್ ಮಾಡ್ಬುಡಿ ಮೇಡಂ. ನಾಳಿಕೆ ಕರ್ಕೊಂಡ್ ಬತ್ತೀನಿ.”

ಅರುಂಧತಿಗೆ ನಗು ಬಂತು. “ಪಾಸಾದ ಮೇಲೂ ಪರೀಕ್ಷೆ ಕೇಳೋ ತಾಯೀನ ಇವತ್ತೇ ನೋಡಿದ್ದು. ಹೋಗಿ ಬನ್ನಿ.”

ಸುನಿತಾ ಏನೋ ಹೇಳಲು ಬಾಯಿ ತೆರೆದಳು. ಬಾಗಿಲಲ್ಲಿ ಊರಿನವರೇ ನಿಂತಿದ್ದರು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಮಗಳು ಹೋಗುತ್ತಾಳೆ. ಮಾತು ಬಿಸಿತುಪ್ಪವಾಯಿತು, ಕೊನೆಗೆ ನುಂಗಿಕೊಂಡಳು.

ಬಸ್ಸಿನಲ್ಲಿ ಅವಳು ಅಳುತ್ತಲೇ ಕೂತಿದ್ದಳು. ಹುಡುಗಿಗೋ ಹಿಗ್ಗು. ತಾಯಿಯ ಸೆರಗು ಜಗ್ಗಿ ಕೇಳಿದಳು:

“ಅವ್ವ, ನಾನೀಗ ದೀಪಿಕ ಆಗ್ಬೋದಾ? ಮನೇಲಿ ಅಕ್ಕ ಕಾಯ್ತಾ ಇರ್ತಾಳೆ. ‘ನಿನ್ ಟೆಸ್ಟ್ ನಾನೇ ಪಾಸ್ ಮಾಡ್ದೆ ಕಣೆ, ಇನ್ಮೇಲೆ ನಿಂಗೆ ಯಾರೂ ಒಡಿಯಾಕಿಲ್ಲ’ ಅಂತ ಯೇಳ್ಲಾ?”