ರಬ್ಬರ್ ತೋಳು

ಗಂಡನ ಶವಸಂಸ್ಕಾರದ ನಂತರದ ಮೊದಲ ಮಾಮೂಲು ಬೆಳಿಗ್ಗೆ, ಅವನು ಸಂಶೋಧನೆಗೆಂದು ವೈದ್ಯಕೀಯ ಕಾಲೇಜಿನಿಂದ ಎರವಲು ತಂದಿದ್ದ ರಬ್ಬರ್ ತೋಳನ್ನು ಅವಳು ಪ್ರೊಫೆಸರರ ಮೇಜಿನ ಮೇಲಿಟ್ಟಳು. ಅವರು ಕಾಗದವೊಂದನ್ನು ಮುಂದೆ ತಳ್ಳಿದರು.

“ಅವನ ಪರವಾಗಿ ಸಹಿ ಹಾಕಮ್ಮ. ಇನ್ನೂರು ವಿದ್ಯಾರ್ಥಿಗಳು ಇದೊಂದೇ ತೋಳಿಗೆ ಚುಚ್ಚಿ ಇಂಜೆಕ್ಷನ್ ಕಲಿತ್ರು ಅನ್ನೋ ಪ್ರಬಂಧ. ಅವನ ಹೆಸರೇ ಮೊದಲು, ನಾನು ಬರೀ ಬಾಲಂಗೋಚಿ.”

ಅವಳು ತೋಳನ್ನು ಬೆಳಕಿಗೆ ಹಿಡಿದಳು. ನುಣ್ಣನೆಯ ಚರ್ಮದಲ್ಲಿ ಒಂದೇ ಒಂದು ತೂತು; ಅದೂ ಊಟದ ಮೇಜಿನ ಬಳಿ ಅವಳೇ ತಮಾಷೆಗೆ ಚುಚ್ಚಿದ್ದು. ಕಾಗದದ ಮೇಲಿನ ಅಂಕಿಗಳೆಲ್ಲ ಗಂಡನ ದುಂಡನೆಯ ಕೈಬರಹದಲ್ಲಿದ್ದವು.

“ಒಂದೇ ತೂತಿದೆಯಲ್ಲ ಸಾರ್?”

“ಬಾಯಿ ಬಿಟ್ಟು ಸತ್ತವನ ಮಾನ ಕಳೀಬೇಡಮ್ಮ.”

ಅವಳು ಪೆನ್ನನ್ನು ರಬ್ಬರ್ ಬೆರಳುಗಳ ನಡುವೆ ಸಿಕ್ಕಿಸಿ, ತೋಳನ್ನು ಅವರತ್ತ ತಳ್ಳಿದಳು.

“ಇದರ ಕೈಲೇ ಹಾಕಿಸ್ಕೊಳ್ಳಿ ಸಾರ್.”